ಮಧ್ಯಾಹ್ನವಾದರೆ ನಿಂತುಬಿಡುವ ಸ್ಕ್ರೂ ಕಂಪ್ರೆಸರ್: ಏರ್‌ಎಂಡ್ ಬಿಚ್ಚುವ ಮುಂಚೆ ಏನು ನೋಡಬೇಕು?

ಪ್ರಶ್ನೆ, ಪೀಣ್ಯದಿಂದ:
ನಮ್ಮದು ಸಣ್ಣ ಪೌಡರ್ ಕೋಟಿಂಗ್ ಘಟಕ. 20 ಹೆಚ್‌ಪಿ ಸ್ಕ್ರೂ ಕಂಪ್ರೆಸರ್ ಬೆಳಿಗ್ಗೆ ಚೆನ್ನಾಗಿಯೇ ಓಡುತ್ತದೆ. ಬಿಸಿಲೇರಿದ ಮೇಲೆ 110 ಡಿಗ್ರಿ ತೋರಿಸಿ ಟ್ರಿಪ್ ಆಗುತ್ತದೆ. ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿಯಾಯಿತು. ಏರ್‌ಎಂಡ್ (ಗಾಳಿಯನ್ನು ಒತ್ತುವ ಸ್ಕ್ರೂಗಳಿರುವ ಮುಖ್ಯ ಭಾಗ) ಹೋಗಿದೆ ಎನ್ನುತ್ತಾರೆ ಮೆಕ್ಯಾನಿಕ್. ಈಗೀಗ ಪೌಡರ್ ಸಿಂಪಡಿಸುವ ಗನ್‌ನಲ್ಲಿ ನೀರೂ ಬರುತ್ತಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ, ತುಮಕೂರಿನಿಂದ:
ಸರ್, ಏರ್‌ಎಂಡ್‌ನ ಬೇರಿಂಗ್ ಹೋಗಿದ್ದರೆ ಸದ್ದು ಬದಲಾಗುತ್ತದೆ, ಮೋಟರ್‌ನ ಆಂಪಿಯರ್ ಏರುತ್ತದೆ. ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನ ಮಾತ್ರ ಕಾಡುವ ಕಾಯಿಲೆ ಸಾಮಾನ್ಯವಾಗಿ ಬಿಸಿ ಹೊರಹೋಗುವ ದಾರಿಯಲ್ಲಿರುತ್ತದೆ. ಯಂತ್ರ ಎಲ್ಲಿ ನಿಂತಿದೆ? ಕೋಟಿಂಗ್ ಘಟಕಗಳಲ್ಲಿ ಜಾಗ ಉಳಿಸಲು ಅದನ್ನು ಒವೆನ್ ಪಕ್ಕದ ಮೂಲೆಗೆ ತಳ್ಳಿರುತ್ತಾರೆ. ಫ್ಯಾನ್ ಊದಿದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಅದೇ ಯಂತ್ರದೊಳಕ್ಕೆ ನುಗ್ಗುತ್ತದೆ. ಟ್ರಿಪ್ ಆಗುವ ಹೊತ್ತಿಗೆ ಗಾಳಿ ಒಳಹೋಗುವ ಜಾಲರಿಯ ಬಳಿ ಥರ್ಮಾಮೀಟರ್ ಹಿಡಿಯಿರಿ. ಹೊರಗೆ 34 ಇದ್ದು ಅಲ್ಲಿ 48 ತೋರಿಸಿದರೆ ಮೆಕ್ಯಾನಿಕ್‌ಗೆ ಕೈಮುಗಿದು ಕಳುಹಿಸಿ, ತಗಡಿನ ಡಕ್ಟ್ ಮಾಡುವವರನ್ನು ಕರೆಸಿ.

ಜಾಗ ಸರಿಯಿದ್ದರೆ ಆಯಿಲ್ ತಣಿಸುವ ಕೂಲರ್ ನೋಡಿ. ಆಯಿಲ್ ಜಿನುಗಿದ ಕಡೆ ನಿಮ್ಮ ಪೌಡರ್ ಕೂತರೆ ಫಿನ್‌ಗಳ (ಕೂಲರ್‌ನ ತೆಳು ತಗಡಿನ ಪದರಗಳ) ನಡುವೆ ಒಣಗಿದ ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಒಂದು ಬದಿಯಿಂದ ಟಾರ್ಚ್ ಹಿಡಿದಾಗ ಇನ್ನೊಂದು ಬದಿಗೆ ಬೆಳಕು ಬರದಿದ್ದರೆ ಕಟ್ಟಿಕೊಂಡಿದೆ. ಫ್ಯಾನ್ ಗಾಳಿಯ ದಿಕ್ಕಿಗೆ ಎದುರಿನಿಂದ ಊದಬೇಕು, ಅದೂ ಮೆಲ್ಲಗೆ. ಇಲ್ಲದಿದ್ದರೆ ಫಿನ್ ಮಡಚಿಕೊಳ್ಳುತ್ತದೆ.

ಆಮೇಲೆ ಥರ್ಮೋಸ್ಟಾಟಿಕ್ ವಾಲ್ವ್, ಅಂದರೆ ಆಯಿಲ್ ಬಿಸಿಯಾದಾಗ ಅದನ್ನು ಕೂಲರ್‌ನತ್ತ ಬಿಡುವ ವಾಲ್ವ್. ಏರ್‌ಎಂಡ್‌ನ ಬಾಯಲ್ಲಿ 100 ದಾಟಿದ್ದರೂ ಕೂಲರ್‌ಗೆ ಹೋಗುವ ಆಯಿಲ್ ಪೈಪ್ ಉಗುರುಬೆಚ್ಚಗಿದ್ದರೆ ವಾಲ್ವ್ ಸರಿಯಾಗಿ ತೆರೆಯುತ್ತಿಲ್ಲ, ಆಯಿಲ್ ಕೂಲರ್‌ನ ತಂಟೆಗೇ ಹೋಗದೆ ಸುತ್ತು ಹೊಡೆಯುತ್ತಿದೆ. ಅರೆತೆರೆದ ವಾಲ್ವ್ ತಂಪು ಹೊತ್ತಿನಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ಪೈಪನ್ನು ಕೈಯಿಂದ ಮುಟ್ಟಬೇಡಿ, ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಸಾಕು. ವಾಲ್ವ್‌ನ ಎಲಿಮೆಂಟ್ (ಬಿಸಿಗೆ ಹಿಗ್ಗುವ ಒಳಭಾಗ) ಹೊರತೆಗೆದು ಕುದಿಯುವ ನೀರಿಗೆ ಹಾಕಿದರೆ ಹಿಗ್ಗಬೇಕು. ಬಿಚ್ಚುವ ಮುಂಚೆ ಕರೆಂಟ್ ತೆಗೆದು ಸಂಪ್‌ನ (ಆಯಿಲ್ ಟ್ಯಾಂಕಿನ) ಪ್ರೆಶರ್ ಸೊನ್ನೆಗೆ ಇಳಿದಿದೆಯೇ ನೋಡಿಕೊಳ್ಳಿ.

ಉತ್ತರ, ಶಿವಮೊಗ್ಗದಿಂದ:
ಬದಲಿಸಿದ ಆಯಿಲ್ ಯಾವುದು? ಮೊದಲು ಸಿಂಥೆಟಿಕ್ ಇದ್ದು ಈಗ ಮಿನರಲ್ ಸುರಿದಿದ್ದರೆ ಕೆಲವು ಜೋಡಿಗಳು ಒಂದಕ್ಕೊಂದು ಕೂಡದೆ ಅಂಟುಕಟ್ಟುತ್ತವೆ. ಮಟ್ಟವನ್ನೂ ನೋಡಿ. ಕಡಿಮೆಯಾದರೆ ಬಿಸಿ, ಹೆಚ್ಚಾದರೆ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್ ದಾಟಿ ಗಾಳಿಯ ಲೈನ್‌ಗೆ ಬಂದು ಕೋಟಿಂಗ್ ಮೇಲೆ ಗುಳಿ ಬೀಳಿಸುತ್ತದೆ.

ಉತ್ತರ, ಗಂಗಾವತಿಯಿಂದ:
ನಮ್ಮದು ಅಕ್ಕಿ ಗಿರಣಿ. ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಕಲರ್ ಸಾರ್ಟರ್‌ನ ಎಜೆಕ್ಟರ್‌ಗೆ (ಕೆಟ್ಟ ಕಾಳನ್ನು ಗಾಳಿಯಿಂದ ಊದಿ ತೆಗೆಯುವ ಭಾಗಕ್ಕೆ) ಒಂದು ಹನಿ ನೀರು ಹೋದರೂ ಕಪ್ಪು ಅಕ್ಕಿ ಒಳ್ಳೆಯದರೊಳಗೆ ಉಳಿದುಬಿಡುತ್ತದೆ, ಹಾಗಾಗಿ ನೀರಿನ ಕಾಟ ಚೆನ್ನಾಗಿ ಗೊತ್ತು. ನನಗನ್ನಿಸುವಂತೆ ನಿಮ್ಮ ಎರಡು ದೂರಿಗೂ ಮೂಲ ಒಂದೇ. ಆಯಿಲ್ ಕೂಲರ್ ಮತ್ತು ಗಾಳಿ ತಣಿಸುವ ಆಫ್ಟರ್‌ಕೂಲರ್ ಬಹಳಷ್ಟು ಯಂತ್ರಗಳಲ್ಲಿ ಒಂದೇ ಚೌಕಟ್ಟಿನಲ್ಲಿರುತ್ತವೆ. ಅದು ಕಟ್ಟಿಕೊಂಡರೆ ಗಾಳಿ ಬಿಸಿಯಾಗಿಯೇ, ತೇವ ತೆಗೆಯುವ ಡ್ರೈಯರ್‌ಗೆ ಹೋಗುತ್ತದೆ. ಬಿಸಿಗಾಳಿಯಲ್ಲಿ ನೀರಿನ ಆವಿ ಹೆಚ್ಚು, ಡ್ರೈಯರ್‌ಗೆ ಅಷ್ಟು ತಾಕತ್ತಿಲ್ಲ. ಕೂಲರ್ ಸ್ವಚ್ಛವಾದ ಮೇಲೂ ನೀರು ಬಂದರೆ ನೀರನ್ನು ತಾನಾಗಿಯೇ ಹೊರಬಿಡುವ ಆಟೋ ಡ್ರೈನ್ ಸಿಕ್ಕಿಹಾಕಿಕೊಂಡಿದೆಯೇ ನೋಡಿ. ಗನ್‌ಗೆ ಬರುವ ಲೈನನ್ನು ಮುಖ್ಯ ಪೈಪಿನ ತಳದಿಂದ ತೆಗೆದಿದ್ದರೆ ಮೇಲ್ಭಾಗಕ್ಕೆ ಬದಲಿಸಿ.