260 ವಾಟ್ ಡಬ್ಬಿಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಪ್ರಶ್ನೆ (ದಾವಣಗೆರೆಯ ಸದಸ್ಯರು): ಕಚೇರಿಯೊಂದು ವಿಲೇವಾರಿ ಮಾಡಿದ ಕಂಪ್ಯೂಟರ್ ಕೊಂಡಿದ್ದೇನೆ. ಇಂಟೆಲ್ ಐ5-8400, ಒಂದೇ ಕಡ್ಡಿಯಲ್ಲಿ 8 ಜಿಬಿ ರ‍್ಯಾಮ್, ಪವರ್ ಸಪ್ಲೈ 260 ವಾಟ್, ಮಾನಿಟರ್ 1080ಪಿ. ವ್ಯಾಲೊರಂಟ್, ಜಿಟಿಎ 5 ಆಡುತ್ತೇನೆ, ಹೊಸ ಆಟಗಳ ಆಸೆಯೂ ಇದೆ. ಕೈಯಲ್ಲಿ 20 ಸಾವಿರ ರೂಪಾಯಿ ಇದೆ. ಎಲ್ಲರೂ ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಅದಕ್ಕೆ ಬೇಕಾದ 8 ಪಿನ್ ತಂತಿ ನನ್ನಲ್ಲಿಲ್ಲ, ಆದರೆ ಸಾಟಾದಿಂದ (ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಪ್ಲಗ್) 8 ಪಿನ್‌ಗೆ ಬದಲಿಸುವ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದಂತೆ. ತರಿಸಿಬಿಡಲೇ?

ಉತ್ತರ (ಕಂಪ್ಯೂಟರ್ ಜೋಡಣೆ, ದುರಸ್ತಿ ವೃತ್ತಿಯವರು): ಕಾರ್ಡಿನ ಮಾತು ಆಮೇಲೆ. ಆ ಅಡಾಪ್ಟರ್ ಮಾತ್ರ ತರಿಸಬೇಡಿ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟ್‌ಗೆ ಮೂರೇ ಪಿನ್, ಒಂದೊಂದಕ್ಕೆ 1.5 ಆಂಪಿಯರ್ ಮಿತಿ. ಎಲ್ಲ ಸೇರಿ 54 ವಾಟ್. 8 ಪಿನ್ ಜೋಡಣೆಯಿಂದ ಕಾರ್ಡು 150 ವಾಟ್‌ವರೆಗೆ ಕೇಳಬಹುದು. ಕೇಳಿದ ದಿನ ಪ್ಲಾಸ್ಟಿಕ್ ಕರಗುತ್ತದೆ. ಸುಟ್ಟು ಕಪ್ಪಾದ ಇಂತಹ ಪ್ಲಗ್ಗುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ಆರ್‌ಎಕ್ಸ್ 6600 ಒಳ್ಳೆಯ ಕಾರ್ಡು, ತಕರಾರಿಲ್ಲ. ಆದರೆ ಅದೊಂದೇ 132 ವಾಟ್ ಎಳೆಯುತ್ತದೆ. 450 ವಾಟ್ ಪವರ್ ಸಪ್ಲೈ ಇರಲಿ ಎಂದು ಅದರ ಕಂಪನಿ ಎಎಂಡಿಯೇ ಹೇಳುತ್ತದೆ. ಪವರ್ ಸಪ್ಲೈ ಬದಲಿಸೋಣವೆಂದರೆ ಕಚೇರಿ ಯಂತ್ರಗಳಲ್ಲಿ ಅದೂ ಸಲೀಸಲ್ಲ. ಮದರ್‌ಬೋರ್ಡಿಗೆ ಹೋಗುವ ಪ್ಲಗ್ ಬಹಳಷ್ಟು ಕಡೆ ಮಾಮೂಲಿ 24 ಪಿನ್ ಆಗಿರದೆ ತಯಾರಕರದೇ ಆದ ಚಿಕ್ಕ ಪ್ಲಗ್ ಆಗಿರುತ್ತದೆ. ಬೇರೆ ಪವರ್ ಸಪ್ಲೈ, ಅದಕ್ಕೊಂದು ಅಡಾಪ್ಟರ್, ಅದು ಕೂರದಿದ್ದರೆ ಬೇರೆ ಡಬ್ಬಿ ಎಂದು ಖರ್ಚು ಬೆಳೆಯುತ್ತಲೇ ಹೋಗುತ್ತದೆ.

ನಿಮಗೆ ಬೇಕಿರುವುದು ಮದರ್‌ಬೋರ್ಡಿನಲ್ಲಿ ಕಾರ್ಡು ಕೂರುವ ಸ್ಲಾಟಿನ ವಿದ್ಯುತ್ತಿನಲ್ಲೇ ಓಡುವ ಕಾರ್ಡು. ಆ ಸ್ಲಾಟ್ ಕೊಡುವುದು 75 ವಾಟ್. ಅಷ್ಟರೊಳಗೆ ನಾನು ಹೇಳುವುದು ಆರ್‌ಟಿಎಕ್ಸ್ 3050, ಆದರೆ 6 ಜಿಬಿಯದು. ಅದರ ಬಳಕೆ 70 ವಾಟ್. ಅದರ ಕಂಪನಿ ಎನ್‌ವಿಡಿಯಾ 300 ವಾಟ್ ಪವರ್ ಸಪ್ಲೈ ಕೇಳುತ್ತದೆ ನಿಜ. ಕಳಪೆ ಸಪ್ಲೈಗಳನ್ನೂ ಗಮನದಲ್ಲಿಟ್ಟುಕೊಂಡು ಹೇಳುವ ಅಂಕಿ ಅದು. ನಿಮ್ಮ ಪ್ರೊಸೆಸರ್ 65 ವಾಟ್‌ನದು, ಟರ್ಬೋದಲ್ಲಿ (ಸ್ವಲ್ಪ ಹೊತ್ತು ವೇಗ ಹೆಚ್ಚಿಸಿಕೊಂಡಾಗ) ಇನ್ನಷ್ಟು ಎಳೆದರೂ ಒಟ್ಟು ಬಳಕೆ 200 ದಾಟುವುದು ಕಷ್ಟ. ಆದರೂ ಡಬ್ಬಿ ತೆರೆದು ಪವರ್ ಸಪ್ಲೈಯ ಲೇಬಲ್ ಓದಿ. ದೊಡ್ಡಕ್ಷರದ 260 ಬಿಡಿ, 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ. ಎರಡು ಸಾಲುಗಳಿದ್ದರೆ ಕೂಡಬೇಡಿ; ಎರಡಕ್ಕೂ ಸೇರಿ ಎಷ್ಟು ವಾಟ್ ಎಂದು ಕೆಳಗೆ ಬೇರೆಯಾಗಿ ಬರೆದಿರುತ್ತಾರೆ.

ಉಳಿದ ಹಣದಲ್ಲಿ ಇನ್ನೊಂದು 8 ಜಿಬಿ ಕಡ್ಡಿ ಹಾಕಿ. ಒಂದೇ ಕಡ್ಡಿಯಿದ್ದರೆ ಮೆಮೊರಿಯ ದಾರಿ ಅರ್ಧ ಮುಚ್ಚಿದಂತೆ. ವ್ಯಾಲೊರಂಟ್‌ನಂತಹ ಆಟಕ್ಕೆ ಕಾರ್ಡಿಗಿಂತ ಪ್ರೊಸೆಸರ್ ಮತ್ತು ರ‍್ಯಾಮ್ ಮುಖ್ಯ. ನಡುನಡುವೆ ತಡೆದು ಹೋಗುವ ಕಾಟ ಇದರಿಂದಲೇ ಕಡಿಮೆಯಾಗಬಹುದು.

ದಾವಣಗೆರೆಯ ಸದಸ್ಯರು: ಅಂಗಡಿಯವರು 8 ಜಿಬಿಯ 3050 ತೋರಿಸುತ್ತಿದ್ದಾರೆ. ಹೆಸರು ಒಂದೇ ಅಲ್ಲವೇ? ಮೆಮೊರಿಯೂ ಹೆಚ್ಚು.

ಉತ್ತರ: ಹೆಸರೊಂದೇ, ಕಾರ್ಡು ಬೇರೆ. 2022ರ 8 ಜಿಬಿ ಕಾರ್ಡು 130 ವಾಟ್‌ನದು, ಅದಕ್ಕೆ ಹೊರಗಿನ ತಂತಿ ಬೇಕೇ ಬೇಕು. 2024ರ 6 ಜಿಬಿ ಕಾರ್ಡಿನಲ್ಲಿ ಕೋರ್‌ಗಳು 2560ರಿಂದ 2304ಕ್ಕೆ, ಮೆಮೊರಿ ಬಸ್ (ಚಿಪ್ಪು ಮತ್ತು ಮೆಮೊರಿ ನಡುವಿನ ದಾರಿಯ ಅಗಲ) 128 ಬಿಟ್‌ನಿಂದ 96ಕ್ಕೆ ಇಳಿದಿವೆ. ವೇಗ ಕಡಿಮೆ, ಹೌದು. ಎರಡಕ್ಕೂ ಒಂದೇ ಹೆಸರಿಟ್ಟಿದ್ದು ಗ್ರಾಹಕರಿಗೆ ಮಾಡಿದ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಡಬ್ಬಿಯಲ್ಲಿ ಓಡುವುದು ಚಿಕ್ಕದು. ಕಾರ್ಡಿನ ಮೇಲಂಚಿನಲ್ಲಿ ವಿದ್ಯುತ್ ಪ್ಲಗ್ಗಿನ ಜಾಗ ಇಲ್ಲವೆಂದು ಕಣ್ಣಾರೆ ನೋಡಿ ಹಣ ಕೊಡಿ. ಡಬ್ಬಿ ತೆಳುವಾಗಿದ್ದರೆ ಅರ್ಧ ಎತ್ತರದ ಮಾದರಿ ಕೇಳಿ, ಗಿಡ್ಡ ಲೋಹದ ಪಟ್ಟಿ ಪೆಟ್ಟಿಗೆಯಲ್ಲಿದೆಯೇ ಎಂದೂ ನೋಡಿ.

ಹುಬ್ಬಳ್ಳಿಯ ಸದಸ್ಯರು: ಇಷ್ಟೆಲ್ಲ ಏಕೆ? ಬಳಸಿದ ಆರ್‌ಎಕ್ಸ್ 580 ಇದರ ಅರ್ಧಕ್ಕಿಂತ ಕಡಿಮೆಗೆ ಬರುತ್ತದೆ. ಆನ್‌ಲೈನ್‌ನಲ್ಲಿ ಜಿಟಿಎಕ್ಸ್ 1050 ಟಿಐ ಇನ್ನೂ ಅಗ್ಗ.

ಉತ್ತರ: 580 ಎಳೆಯುವುದು 185 ವಾಟ್. ಇವರ ಯಂತ್ರಕ್ಕೆ ಅಲ್ಲಿಗೇ ಮುಗಿಯಿತು. ನಿಮ್ಮಲ್ಲಿ ದೊಡ್ಡ ಪವರ್ ಸಪ್ಲೈ ಇದ್ದರೂ ಅದು 2017ರ ಕಾರ್ಡು ಎಂಬುದು ನೆನಪಿರಲಿ. ಎಷ್ಟೋ 580ಗಳು ವರ್ಷಗಟ್ಟಲೆ ಈಥೀರಿಯಂ ಎಂಬ ಕ್ರಿಪ್ಟೋ ಹಣದ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದು, 2022ರ ಸೆಪ್ಟೆಂಬರ್‌ನಲ್ಲಿ ಆ ದಂಧೆ ನಿಂತ ಮೇಲೆ ಹೊಸ ಫ್ಯಾನ್ ಹಾಕಿಕೊಂಡು ಮಾರುಕಟ್ಟೆಗೆ ಬಂದಿವೆ. ‘2048ಎಸ್‌ಪಿ’ ಎಂದು ಬರೆದಿದ್ದರೆ ಅದು ಅಸಲು 580 ಕೂಡ ಅಲ್ಲ, ಕೋರ್ ಕಡಿಮೆ.

ತೀರಾ ಅಗ್ಗದ 1050 ಟಿಐಗಳಲ್ಲಿ ಇನ್ನೊಂದು ಮೋಸವಿದೆ. 2010–11ರ ಕಾಲದ ಕಾರ್ಡಿಗೆ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ಬದಲಿಸಿ ಹೊಸ ಹೆಸರು ತುಂಬಿರುತ್ತಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಮಾರುವವರ ಎದುರಿಗೇ ಓಡಿಸಿ; ಇಂತಹ ಕಾರ್ಡಿನ ಹೆಸರಿನ ಮುಂದೆ ‘ನಕಲಿ’ ಎಂಬ ಅರ್ಥದ ಇಂಗ್ಲಿಷ್ ಪದ ಕಾಣುತ್ತದೆ. ವಿಜಿಎ ಪೋರ್ಟ್ ಕಂಡರೂ ಅನುಮಾನಿಸಿ: ಅಸಲು 1050 ಟಿಐ ಚಿಪ್ಪಿನಲ್ಲಿ ಆ ಹಳೆಯ ಅನಲಾಗ್ ಸಂಕೇತವೇ ಇಲ್ಲ.

ಬೆಂಗಳೂರಿನ ಸದಸ್ಯರು: ನನ್ನದು ರೈಝನ್ 5 3600, 550 ವಾಟ್ ಪವರ್ ಸಪ್ಲೈ, ಬಿ450 ಬೋರ್ಡು. ನನಗೂ 3050ಯೇ?

ಉತ್ತರ: ಬೇಡ. ನಿಮಗೆ ಆರ್‌ಎಕ್ಸ್ 6600. 2025ರ ಡೂಮ್: ದ ಡಾರ್ಕ್ ಏಜಸ್ ಆಟಕ್ಕೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಜಾಡು ಲೆಕ್ಕ ಹಾಕುವ) ಯಂತ್ರಾಂಶ ಕಡ್ಡಾಯ, ಅದರ ಕನಿಷ್ಠ ಅರ್ಹತೆಯಲ್ಲಿ ಇದೇ ಕಾರ್ಡಿನ ಹೆಸರಿದೆ. ಎಸ್‌ಪಿ ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ, ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. 6500 ಎಕ್ಸ್‌ಟಿ ಅಗ್ಗವೆಂದು ತೋರಿಸಿದರೆ ಮುಟ್ಟಬೇಡಿ. 4 ಜಿಬಿ ಮೆಮೊರಿ, ನಾಲ್ಕೇ ಪಿಸಿಐಇ ಲೇನ್ (ಕಾರ್ಡು ಮತ್ತು ಬೋರ್ಡಿನ ನಡುವೆ ಮಾಹಿತಿ ಹರಿಯುವ ದಾರಿ). ನಿಮ್ಮ ಬೋರ್ಡಿನ ಮೂರನೇ ಪೀಳಿಗೆಯ ಸ್ಲಾಟಿನಲ್ಲಿ ಆ ಲೇನ್‌ಗಳ ವೇಗ ಅರ್ಧವಾಗುತ್ತದೆ, ಮೆಮೊರಿ ತುಂಬಿದೊಡನೆ ಆಟ ಮುಗ್ಗರಿಸುತ್ತದೆ.

ದಾವಣಗೆರೆಯ ಸದಸ್ಯರು: ಲೇಬಲ್ ನೋಡಿದೆ. ಎರಡು 12 ವೋಲ್ಟ್ ಸಾಲು, ಒಟ್ಟು ಮಿತಿ 240 ವಾಟ್ ಎಂದಿದೆ. 6 ಜಿಬಿಯದನ್ನೇ ಹೇಳಿಬಂದೆ.

ಉತ್ತರ: ಸಾಕಾಗುತ್ತದೆ. ಕೂರಿಸಿದ ಮೇಲೆ ಮಾನಿಟರಿನ ಎಚ್‌ಡಿಎಂಐ ತಂತಿಯನ್ನು ಹಳೆಯ ಜಾಗದಿಂದ ಕಿತ್ತು ಹೊಸ ಕಾರ್ಡಿಗೆ ಚುಚ್ಚಿ. ಕಾರ್ಡು ಹಾಕಿದರೂ ಆಟ ಹಾಗೆಯೇ ಇದೆ ಎಂದು ಕರೆ ಮಾಡುವವರಲ್ಲಿ ಹಲವರ ತಂತಿ ಮದರ್‌ಬೋರ್ಡಿನಲ್ಲೇ ಉಳಿದಿರುತ್ತದೆ.