ಅತ್ತೆಯವರ ವೀಲ್‌ಚೇರ್ ಮತ್ತು ಕೆರೆ ಏರಿಯ ನಡಿಗೆ: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ರಾಯಚೂರಿನ ಸದಸ್ಯೆ): ಮೇಡಂ, ನಮಸ್ಕಾರ. ನನ್ನ ಅತ್ತೆಯವರಿಗೆ 68 ವರ್ಷ. ಕಳೆದ ವರ್ಷ ಲಕ್ವಾ ಹೊಡೆದು ಎಡಗೈ, ಎಡಗಾಲಿನ ಶಕ್ತಿ ಕುಂದಿದೆ. ಈಗ ಕೋಲು ಹಿಡಿದು ಸುಮಾರು 100 ಹೆಜ್ಜೆ ನಡೆಯುತ್ತಾರೆ. ಅದರಾಚೆಗೆ ವೀಲ್‌ಚೇರ್ ಬೇಕು. ಮಾವನವರು ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಗನಿಗೆ 4 ವರ್ಷ. ಬರುವ ಭಾನುವಾರ ಎಲ್ಲರೂ ಕೂಡಿ ಕೆರೆ ದಂಡೆಯ ಉದ್ಯಾನಕ್ಕೆ ಹೋಗಬೇಕೆಂದಿದ್ದೇವೆ. ಆದರೆ ಅತ್ತೆಯವರು, ‘ನನ್ನನ್ನು ಗೇಟಿನ ಹತ್ತಿರ ಕೂಡಿಸಿ ನೀವು ತಿರುಗಾಡಿ ಬನ್ನಿ’ ಎನ್ನುತ್ತಾರೆ. ಅವರನ್ನೂ ಕರೆದುಕೊಂಡು ಹೋಗಲು ಹೇಗೆ ಸಿದ್ಧತೆ ಮಾಡಿಕೊಳ್ಳಬೇಕು?

ಉತ್ತರ: ನಮಸ್ಕಾರ. ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಕೋಟೆಯ ಬೆಟ್ಟ ಹತ್ತುವುದಕ್ಕೂ ಕೆರೆಯ ದಂಡೆಯಲ್ಲಿ ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ನೀರು ಸಮಮಟ್ಟದಲ್ಲಿ ನಿಲ್ಲುವುದರಿಂದ ಅದನ್ನು ತಡೆಯುವ ಏರಿಯ ನೆತ್ತಿಯನ್ನೂ ನಮ್ಮ ಹಿರಿಯರು ಬಹುಮಟ್ಟಿಗೆ ಸಮತಟ್ಟಾಗಿಯೇ ಕಟ್ಟಿದ್ದಾರೆ. ಹೀಗಾಗಿ ಏರಿಯ ಮೇಲೆ ನಡೆಯುವುದು ಕಷ್ಟವಲ್ಲ, ಅದರ ಮೇಲೆ ಹತ್ತಿ ಇಳಿಯುವುದೇ ಕಷ್ಟ. ಶನಿವಾರವೇ ನೀವಾಗಲಿ ನಿಮ್ಮ ಯಜಮಾನರಾಗಲಿ ಹೋಗಿ ಆ ಒಂದು ಭಾಗವನ್ನು ನೋಡಿ ಬನ್ನಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದವಿರುವ ಇಳಿಜಾರು ವೀಲ್‌ಚೇರಿಗೆ ಒಪ್ಪುವಂಥದ್ದು. ಅಂದರೆ 6 ಅಡಿ ಎತ್ತರದ ಏರಿಗೆ 72 ಅಡಿ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಅದಕ್ಕಿಂತ ತೀರಾ ಕಡಿದಾಗಿದ್ದರೆ ಬೇರೆ ದಾರಿ ಹುಡುಕಿ. ದ್ವಿಚಕ್ರ ವಾಹನಗಳನ್ನು ತಡೆಯಲು ಗೇಟಿನಲ್ಲಿ ನೆಟ್ಟ ಕಂಬಗಳ ನಡುವೆ 3 ಅಡಿಯಾದರೂ ತೆರಪಿದೆಯೇ, ಕುರ್ಚಿಯನ್ನು ಪೂರ್ತಿ ತಿರುಗಿಸಲು 5 ಅಡಿ ಅಗಲದ ಜಾಗವಿದೆಯೇ ಎಂಬುದನ್ನು ಟೇಪ್ ಹಿಡಿದು ಅಳೆಯಿರಿ. ಇವೆರಡನ್ನು ನೋಡದೆ ಹೋಗಿ ಗೇಟಿನಿಂದಲೇ ಹಿಂದಿರುಗಿದ ಕುಟುಂಬಗಳನ್ನು ನಾನು ಕಂಡಿದ್ದೇನೆ, ಹಾಗೆ ಒಮ್ಮೆ ಹಿಂದಿರುಗಿದ ಹಿರಿಯರು ಮತ್ತೆ ಮನೆಯಿಂದ ಹೊರಡಲು ಒಪ್ಪುವುದಿಲ್ಲ.

ಇನ್ನು ಆ 100 ಹೆಜ್ಜೆಗಳ ವಿಷಯ. ಹೆಚ್ಚಿನವರು ಗೇಟಿನಿಂದಲೇ ರೋಗಿಯನ್ನು ನಡೆಸಲು ಆರಂಭಿಸುತ್ತಾರೆ, ನೀರು ಕಾಣುವಷ್ಟರಲ್ಲಿ ಅವರ ಶಕ್ತಿ ಮುಗಿದಿರುತ್ತದೆ. ನೀವು ಹಾಗೆ ಮಾಡಬೇಡಿ. ವಾಹನ ನಿಲ್ಲಿಸಿದ ಜಾಗದಿಂದ ಏರಿಯವರೆಗೆ ವೀಲ್‌ಚೇರಿನಲ್ಲಿಯೇ ಕರೆದೊಯ್ಯಿರಿ. ತಂಪು ಗಾಳಿ ಬೀಸುವ, ಪಕ್ಷಿಗಳು ಕಾಣುವ, ಅವರ ಮನಸ್ಸಿಗೆ ಹಿಡಿಸುವ ಜಾಗ ಬಂದಾಗ ಎಬ್ಬಿಸಿ ನಿಲ್ಲಿಸಿ, ಮೊಮ್ಮಗನ ಜೊತೆಗೆ 40 ಹೆಜ್ಜೆ ನಡೆಯಲಿ, ಕೂತು ದಣಿವಾರಿಸಿಕೊಳ್ಳಲಿ, ಮನಸ್ಸಿದ್ದರೆ ಇನ್ನು 30 ಹೆಜ್ಜೆ ಹಾಕಲಿ. ಖಾಲಿ ಕುರ್ಚಿ ಒಂದೆರಡು ಮಾರು ಹಿಂದೆಯೇ ಬರುತ್ತಿರಬೇಕು. ಸುತ್ತು ಪೂರ್ತಿಯಾಗಲೇಬೇಕೆಂಬ ನಿಯಮವೇನೂ ಇಲ್ಲ.

ನಡೆಯುವಾಗ ಕೋಲು ಬಲಗೈಯಲ್ಲಿರಲಿ. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಬಲಗಾಲು. ಜೊತೆಗಿರುವವರು ಎಡಗಡೆ, ಅರ್ಧ ಹೆಜ್ಜೆ ಹಿಂದೆ ನಿಂತು, ಸೊಂಟಕ್ಕೆ ಕಟ್ಟಿದ ಅಗಲವಾದ ಬೆಲ್ಟ್ ಹಿಡಿಯಬೇಕು. ಬಲ ಕುಂದಿದ ಎಡಗೈಯನ್ನು ಮಾತ್ರ ಎಂದಿಗೂ ಎಳೆಯಬೇಡಿ. ಲಕ್ವಾ ಆದವರ ಹೆಗಲಿನ ಸ್ನಾಯುಗಳು ಸಡಿಲವಾಗಿರುವುದರಿಂದ ಪ್ರೀತಿಯಿಂದ ಎಳೆದರೂ ಕೀಲು ಜಾರಬಹುದು, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕುರ್ಚಿಯಲ್ಲಿ ಕೂತಾಗಲೂ ಆ ಕೈ ಕೆಳಗೆ ಜೋತುಬಿದ್ದು ಚಕ್ರಕ್ಕೆ ಸಿಗದಂತೆ ತೊಡೆಯ ಮೇಲೆ ಸಣ್ಣ ದಿಂಬಿಟ್ಟು ಅದರ ಮೇಲಿರಿಸಿ.

ನಮ್ಮ ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಸೂರ್ಯ ಮುಳುಗಿದ ಮೇಲೂ ಹಾಸುಗಲ್ಲು ಮತ್ತು ಸಿಮೆಂಟು ಕಾವು ಉಗುಳುತ್ತಲೇ ಇರುವುದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ 6ರಿಂದ 7.30ರ ಒಳಗಿನ ಹೊತ್ತೇ ಮೇಲು. ಆದರೆ ಮಾವನವರು ಮಾತ್ರೆ ನುಂಗಿ ಬರಿ ಹೊಟ್ಟೆಯಲ್ಲಿ ನಡೆಯಬಾರದು. ಏನಾದರೂ ತಿಂದು ಹೊರಡಲಿ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಇರಲಿ. ಒಮ್ಮೆಲೇ ಬೆವರು, ಕೈನಡುಕ, ಹಸಿವು ಕಾಣಿಸಿದರೆ ಕೂಡಲೇ ಕೂಡಿಸಿ ಅದನ್ನು ಕೊಡಿ. ಅವರು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಬೂಟು ಹಾಕಲಿ, ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಲಿ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಕಲ್ಲು ಚುಚ್ಚಿದ್ದು ತಿಳಿಯುವುದಿಲ್ಲ.

ಮಗುವಿನ ಕೈ ಹಿಡಿಯಲು ಒಬ್ಬರನ್ನು ಪ್ರತ್ಯೇಕವಾಗಿ ನೇಮಿಸಿ. ವೀಲ್‌ಚೇರ್ ತಳ್ಳುವವರಿಗೆ ಈ ಹೊಣೆಯನ್ನು ಕೊಡಬೇಡಿ. ಕೋಡಿಯ ಹತ್ತಿರ ಪಾಚಿ ಕಟ್ಟಿರುತ್ತದೆ, ಅತ್ತ ಯಾರೂ ಹೋಗುವುದು ಬೇಡ.

ಪ್ರಶ್ನೆ (ಸಿಂಧನೂರಿನ ಸದಸ್ಯರು): ಮೇಡಂ, ನನ್ನ ತಂದೆಗೆ ಬಲ ಮೊಣಕಾಲಿನ ಸವೆತವಿದೆ. ಕೆರೆಯ ಸುತ್ತ ನಡೆದರೆ ಇನ್ನಷ್ಟು ಸವೆಯುತ್ತದೆಂದು ಅವರು ಹೆದರುತ್ತಾರೆ. ಅದು ನಿಜವೇ?

ಉತ್ತರ: ನಿಜವಲ್ಲ, ಸರ್. ಸಮತಟ್ಟಾದ ನೆಲದಲ್ಲಿ ಹಿತವಾಗಿ ನಡೆದರೆ ತೊಡೆಯ ಸ್ನಾಯುಗಳು ಗಟ್ಟಿಯಾಗಿ ಮೊಣಕಾಲಿಗೆ ಆಸರೆಯಾಗುತ್ತವೆ. ನೋಯುವುದು ಬಲಗಾಲಾದ್ದರಿಂದ ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು. ತೋಳು ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಡೆದ ಮರುದಿನವೂ ಊತ ಇಳಿಯದಿದ್ದರೆ ದೂರವನ್ನು ಅರ್ಧಕ್ಕೆ ಇಳಿಸಿ.

ಪ್ರಶ್ನೆ (ಮೊದಲು ಕೇಳಿದ ಸದಸ್ಯೆ): ಧನ್ಯವಾದಗಳು, ಮೇಡಂ. ಯಜಮಾನರು ಇಂದು ಹೋಗಿ ಅಳೆದು ಬಂದರು. ಗೇಟಿನಲ್ಲಿ ಜಾಗ ಸಾಕಷ್ಟಿದೆ, ರ‍್ಯಾಂಪ್ ನೀವು ಹೇಳಿದ್ದಕ್ಕಿಂತ ಸ್ವಲ್ಪ ಕಡಿದಾಗಿದೆ. ಇಳಿಯುವಾಗ ಕುರ್ಚಿ ಕೈ ಮೀರಿ ಓಡಬಹುದೆಂಬ ಭಯವಿದೆ. ಅತ್ತೆಯವರು ಇನ್ನೂ ಒಪ್ಪಿಲ್ಲ.

ಉತ್ತರ: ಸ್ವಲ್ಪ ಕಡಿದಾಗಿದ್ದರೆ ಇಬ್ಬರು ಗಂಡಸರ ಬಲವಿದ್ದರೆ ಸಾಕು. ಹತ್ತುವಾಗ ಮುಖ ಮುಂದಕ್ಕಿರಲಿ. ಇಳಿಯುವಾಗ ಕುರ್ಚಿಯನ್ನು ತಿರುಗಿಸಿ, ತಳ್ಳುವವರು ಕೆಳಗಡೆ ನಿಂತು, ಹಿಂದೆ ನೋಡುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಳಿಯಬೇಕು. ಹಾಗೆ ಮಾಡಿದರೆ ಅತ್ತೆಯವರು ಮುಂದಕ್ಕೆ ಜಾರುವುದಿಲ್ಲ, ಕುರ್ಚಿಯ ಭಾರ ತಳ್ಳುವವರ ಮೈಗೆ ಆತುಕೊಂಡಿರುತ್ತದೆ. ಏರಿಯ ಮೇಲೆ ನಿಲ್ಲಿಸಿದಾಗಲೆಲ್ಲ ಎರಡೂ ಬ್ರೇಕ್ ಹಾಕಿ, ಕುರ್ಚಿಯನ್ನು ನೀರಿಗೆ ಎದುರಾಗಿಡದೆ ದಂಡೆಗೆ ಸಮನಾಗಿ ನಿಲ್ಲಿಸಿ. ಎದೆನೋವು, ಮುಖ ವಾಲುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ.

ಅತ್ತೆಯವರಿಗೆ ನಡಿಗೆಯ ಮಾತೇ ಎತ್ತಬೇಡಿ. ತಮ್ಮಿಂದ ನಿಮ್ಮ ತಿರುಗಾಟ ಕೆಡುತ್ತದೆಂಬ ಸಂಕೋಚ ಅವರನ್ನು ತಡೆಯುತ್ತಿರಬಹುದು. ‘ಬುತ್ತಿ ಬಿಚ್ಚಲು ಯಾವ ಗಿಡದ ನೆರಳು ಚೆನ್ನಾಗಿದೆ, ನೀವೇ ನೋಡಿ ಹೇಳಿ’ ಎಂದು ಕೇಳಿ, ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಅವರ ಕೈಗೆ ಕೊಟ್ಟು ಕರೆದೊಯ್ಯಿರಿ. ಕೂತಲ್ಲಿಂದ ಎದ್ದ ಕೂಡಲೇ ನಡೆಸದೆ ಒಂದು ನಿಮಿಷ ನಿಲ್ಲಿಸಿ, ತಲೆ ಸುತ್ತುತ್ತಿಲ್ಲವೆಂದು ಕೇಳಿಕೊಂಡು ಮೊದಲ ಹೆಜ್ಜೆ ಹಾಕಿಸಿ.