ಅಪ್‌ಡೇಟ್: ಬಾತ್‌ರೂಮ್ ನೆಲ ಒಡೆಯದೆ ಲೀಕ್ ನಿಂತಿತು

ನಮ್ಮ ಬಾತ್‌ರೂಮಿನಿಂದ ಕೆಳಗಿನ ಫ್ಲ್ಯಾಟಿನ ಸೀಲಿಂಗಿಗೆ ನೀರು ಜಿನುಗುತ್ತಿದೆ, ಇಡೀ ನೆಲ ಒಡೆಸಲೇಬೇಕಾ ಅಂತ ಕೇಳಿದ್ದೆ ಅಲ್ವಾ, ಒಡೆಸಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ ಮೊದಲು ನೀರಿನ ಮೀಟರ್ ನೋಡಿದೆವು. ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಫ್ಲಶ್ ಟ್ಯಾಂಕಿನ ಕಾಕ್ ಕೂಡ ತಿರುಗಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಮೀಟರ್ ಒಂಚೂರೂ ಕದಲಿರಲಿಲ್ಲ. ಅಂದರೆ ಒಳಗೆ ಬರುವ ಪೈಪು ಸರಿಯಾಗೇ ಇದೆ, ತೊಂದರೆ ಹೊರಗೆ ಹೋಗುವ ನೀರಿನದ್ದು. ಆಮೇಲೆ ಪ್ಲಂಬರ್ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಗೆ ಹೋಗುವ, ಜಾಲರಿ ಮುಚ್ಚಿದ ತೂತು) ಬಾಯಿಗೆ ಬಟ್ಟೆ ತುರುಕಿ ನೆಲದ ಮೇಲೆ ನೀರು ನಿಲ್ಲಿಸಿದರು. ಸಂಜೆಗೆ ಕೆಳಗಿನ ಆಂಟಿ ಫೋನ್: "ಮತ್ತೆ ಹನಿ ಬೀಳ್ತಿದೆ ಕಣಮ್ಮಾ!" ಜಾಲರಿ ಎತ್ತಿ ಟಾರ್ಚ್ ಬಿಟ್ಟರೆ ಸುತ್ತಲಿನ ಬಿಳಿ ಸಿಮೆಂಟ್ ಪುಡಿ ಪುಡಿ, ಉಗುರಲ್ಲಿ ಕೆರೆದರೂ ಉದುರುತ್ತಿತ್ತು. ಅದನ್ನೆಲ್ಲ ಕೆತ್ತಿ ತೆಗೆದು, ಚೆನ್ನಾಗಿ ಒಣಗಿಸಿ, ಟೈಲ್ಸ್ ಸಂದುಗಳಿಗೂ ಸೇರಿಸಿ ಎಪಾಕ್ಸಿ ಗ್ರೌಟ್ (ಸಂದು ಮುಚ್ಚುವ, ಅಂಟಿನಂಥ ರಾಳದ ಪೇಸ್ಟ್) ತುಂಬಿದರು. ಬೆಲೆ ಜಾಸ್ತಿನೇ, ಆದರೆ ಸಿಮೆಂಟಿನ ಹಾಗೆ ನೀರು ಹೀರುವುದಿಲ್ಲ. ಅದು ಗಟ್ಟಿಯಾಗುವ ತನಕ ಒಂದು ಹನಿ ನೀರೂ ಸೋಕಬಾರದು, ಒಂದೇ ಬಾತ್‌ರೂಮ್ ಇರುವವರು ಪಕ್ಕದ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಆಂಟಿ ಮನೆ ಸೀಲಿಂಗಿಗೆ ಸುಮ್ನೆ ಈಗಲೇ ಬಣ್ಣ ಹೊಡೆಸುತ್ತಿಲ್ಲ, ಸ್ಲ್ಯಾಬಿನೊಳಗಿನ ತೇವ ಆರದಿದ್ದರೆ ಬಣ್ಣ ಮತ್ತೆ ಉಬ್ಬುತ್ತದೆ. ಆ ಖರ್ಚೂ ನಮ್ಮದೇ ಅಂತ ಮಾತಾಗಿದೆ.